ಎಡಗೈ ಹೆಣಿಗೆ

"ಎದುರಿಗೆ ಲಾರಿ ಬಂತು, ತಿರುಗಿಸಿ, ಬೇಗ ತಿರುಗಿಸಿ!" ಎಂದು ದೊಡ್ಡಸೊಸೆ ಕೂಗಿದಳು.

ಕೋಣೆಯ ನಡುವೆ ಕುರ್ಚಿಯಲ್ಲಿ ಕುಳಿತಿದ್ದ ಬಸ್ಸಿನ ಡ್ರೈವರಮ್ಮ ಎರಡೂ ಕೈಯಲ್ಲಿ ಸ್ಟೀರಿಂಗಿನ ಹಾಗೆ ಹಿಡಿದಿದ್ದ ಪಾತ್ರೆಯ ಮುಚ್ಚಳವನ್ನು ಗಕ್ಕನೆ ತಿರುಗಿಸಿದಳು. ತಿರುಗಿಸುತ್ತಾ ನಗು ತಡೆಯಲಾಗದೆ ಭುಜ ಕುಲುಕಿ, ಅಳತೆಯ ಟೇಪು ಜಾರಿ ಕೆಳಗೆ ಬಿತ್ತು.

"ನಗಬಾರದು. ನಕ್ಕರೆ ಭುಜ ಮೇಲೆ ಹೋಗುತ್ತೆ, ಅಳತೆ ಕೆಡುತ್ತೆ. ಬಸ್ಸಲ್ಲೂ ಹೀಗೇ ನಗ್ತಾ ಓಡಿಸ್ತೀರಾ?"

"ನಮ್ಮ ಕಂಡಕ್ಟರ್ ಮುಖ ನೋಡಿದ್ರೆ ನಗು ಬರೋ ಹಾಗೇ ಇಲ್ಲ ಬಿಡಿ."

"ಹಾಗಾದ್ರೆ ಅವನ ಮುಖ ನೆನೆಸ್ಕೊಳ್ಳಿ. ಇನ್ನೊಂದು ಸಲ, ಪೂರ್ತಿ ತಿರುಗಿಸಿ."

ಟೇಪಿನ ಒಂದು ತುದಿಯನ್ನು ದೊಡ್ಡಸೊಸೆ ಡ್ರೈವರಮ್ಮನ ಬೆನ್ನಿನ ನಡುವೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಚಿಕ್ಕಸೊಸೆ ನೆಲದಿಂದ ಎತ್ತಿ ಮಣಿಕಟ್ಟಿನ ತನಕ ಎಳೆದಳು. ಚಿಕ್ಕಸೊಸೆಯ ಕೆಲಸ ಇಷ್ಟೇ: ಹಿಡಿಯುವುದು, ಉಲ್ಲನ್ ಉಂಡೆ ಸುತ್ತುವುದು, ಗುಂಡಿ ಹೊಲಿಯುವುದು, ಮುಗಿದ ತುಂಡುಗಳನ್ನು ಒಗೆದು ಹಾಸಿಗೆಯ ಮೇಲೆ ಪಿನ್ನು ಚುಚ್ಚಿ ಒಣಗಿಸುವುದು. ಹೆಣೆಯುವ ಕಡ್ಡಿಯನ್ನು ಮಾತ್ರ ಅವಳ ಕೈಗೆ ಯಾರೂ ಕೊಟ್ಟಿರಲಿಲ್ಲ.

ಆ ಇಬ್ಬರಿಗೂ ಹೆಸರುಗಳಿದ್ದವು, ಇಲ್ಲವೆಂದಲ್ಲ. ಆದರೆ ಮನೆಗೆ ಬರುವವರೆಲ್ಲ ದೊಡ್ಡಸೊಸೆ, ಚಿಕ್ಕಸೊಸೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯಲು ಶುರು ಮಾಡಿದ ಅತ್ತೆ ಕಣ್ಣು ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಣ್ಣ ತಮ್ಮಂದಿರ ಎರಡು ಸಂಸಾರಗಳೂ ಆ ಹಳೆಯ ಕಟ್ಟಡದ ಮಹಡಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಳಿದುಕೊಂಡಿದ್ದವು. ಬೀದಿಗೆ ಮುಖ ಮಾಡಿದ ದೊಡ್ಡ ಕೋಣೆ ಹೆಣಿಗೆಯ ಕೋಣೆ. ಕೆಳಗೆ, ಮೆಟ್ಟಿಲ ಬಾಯಲ್ಲಿ, "ಹೆಂಗಸರ ಉಣ್ಣೆ ಉಡುಪು, ಮಹಡಿ ಮೇಲೆ" ಎಂಬ ಬೋರ್ಡು.

ನಿಂತ ಹೆಂಗಸಿನ ಅಳತೆ ತೆಗೆಯುವ ಅಭ್ಯಾಸವೇ ದೊಡ್ಡಸೊಸೆಗಿರಲಿಲ್ಲ. "ಸುಮ್ಮನೆ ನಿಂತ್ಕೊಳ್ಳೋ ಹೆಂಗಸು ಎಲ್ಲಾದ್ರೂ ಇದ್ದಾಳಾ?" ಎಂದು ಕೇಳುತ್ತಿದ್ದಳು. ಬೇಕರಿಯಾಕೆ ಬಂದರೆ ಮೇಜಿನ ಮೇಲೆ ಇಲ್ಲದ ಹಿಟ್ಟನ್ನು ನಾದಬೇಕು. ಟೀಚರು ಗೋಡೆಯ ಮೇಲೆ ಬೆರಳಿನಿಂದ ಪಾಠ ಬರೆಯಬೇಕು, ಅದೂ ಕೈ ಪೂರ್ತಿ ಮೇಲೆತ್ತಿ. ಇಲ್ಲದಿದ್ದರೆ ಸ್ವೆಟರು ಮೇಲೇರಿ ಇಡೀ ತರಗತಿಗೆ ಬೆನ್ನು ಕಾಣುತ್ತದೆ. ನರ್ಸಮ್ಮ ದಿಂಬನ್ನು ರೋಗಿಯೆಂದುಕೊಂಡು ಎತ್ತಿ ಕೂರಿಸಬೇಕು. ಒಮ್ಮೆ ಒಬ್ಬಾಕೆ, "ನಾನು ಮನೇಲೇ ಇರ್ತೀನಿ, ಏನೂ ಕೆಲಸ ಮಾಡಲ್ಲ" ಎಂದಳು. ದೊಡ್ಡಸೊಸೆ ಅವಳ ಕೈಗೆ ಪೊರಕೆ ಕೊಟ್ಟು, "ಗುಡಿಸಿ, ಅಳತೆ ತಗೋತೀನಿ" ಎಂದಿದ್ದಳು.

ಅಂಗಡಿಯಲ್ಲಿ ಸಿಗುವ ಹೆಂಗಸರ ಸ್ವೆಟರೆಂದರೆ ಗಂಡಸರದ್ದನ್ನೇ ಬಿಸಿನೀರಲ್ಲಿ ಹಾಕಿ ಕುಗ್ಗಿಸಿದ್ದು ಎಂಬುದು ಅವಳ ಸಿಟ್ಟು. ಬೆಚ್ಚಗೂ ಇರಬೇಕು, ತೊಟ್ಟವಳು ಕನ್ನಡಿ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುವಷ್ಟು ಚೆಂದವೂ ಇರಬೇಕು. ಎರಡರಲ್ಲಿ ಒಂದನ್ನು ಬಿಡಿ ಎಂದರೆ ಗಿರಾಕಿಯನ್ನೇ ಬಿಟ್ಟಾಳು. ಅವಳ ಜಡೆ ಹೆಣಿಗೆ, ಅಂದರೆ ಎದೆಯ ಎರಡು ಬದಿಯಲ್ಲಿ ಕುಣಿಕೆಗಳು ಒಂದರ ಮೇಲೊಂದು ಹಾದು ಜಡೆಯ ಹಾಗೆ ಮೇಲೇರುವ ವಿನ್ಯಾಸ, ಅದರಲ್ಲಿ ಅವಳದು ಎತ್ತಿದ ಕೈ. ಎಡಭಾಗದ ಜಡೆ ಬಲಕ್ಕೆ ವಾಲಬೇಕು, ಬಲಭಾಗದ್ದು ಎಡಕ್ಕೆ. ಎರಡೂ ಸೇರಿದಾಗ ಒಂದನ್ನೊಂದು ನೋಡಿಕೊಳ್ಳುವ ಹಾಗಿರಬೇಕು. ಇದೆಲ್ಲ ಅವಳ ತಲೆಯಲ್ಲೇ ಇತ್ತು, ಎಲ್ಲೂ ಬರೆದಿಟ್ಟವಳಲ್ಲ.

ಡ್ರೈವರಮ್ಮನಿಗೆ ಬೇಕಾಗಿದ್ದದ್ದು ಮುಂದೆ ಗುಂಡಿಯಿರುವ ಸ್ವೆಟರು. ಚಳಿ ಶುರುವಾದ ಮೇಲೆ ಅವಳಿಗೆ ಮುಂಜಾನೆಯ ಮೊದಲ ಬಸ್ಸು. ಆ ಬಸ್ಸನ್ನು ಇದುವರೆಗೆ ಯಾವ ಹೆಂಗಸೂ ಓಡಿಸಿರಲಿಲ್ಲ.

"ಎಲ್ಲರೂ ನನ್ನನ್ನೇ ನೋಡ್ತಾರೆ" ಎಂದಳು, ಮುಚ್ಚಳ ಕೆಳಗಿಟ್ಟು. "ನಡುಗ್ತಾ ಕೂತಿರೋದನ್ನ ಅವರು ನೋಡಬಾರದು."

"ನೋಡಲಿ ಬಿಡಿ. ನೋಡೋ ಹಾಗೇ ಮಾಡಿ ಕೊಡ್ತೀನಿ" ಎಂದಳು ದೊಡ್ಡಸೊಸೆ.

ಬೆನ್ನಿನ ಭಾಗ, ಎರಡು ತೋಳು, ಎದೆಯ ಒಂದು ಭಾಗ ಮುಗಿದಿದ್ದವು. ಇನ್ನೊಂದು ಭಾಗ, ಗುಂಡಿಯ ಪಟ್ಟಿ ಮಾತ್ರ ಬಾಕಿ. ಆಗ ಒಂದು ಬೆಳಿಗ್ಗೆ ಒಗೆದ ಬಟ್ಟೆಯ ಬುಟ್ಟಿ ಹಿಡಿದು ತಾರಸಿಯಿಂದ ಇಳಿಯುತ್ತಿದ್ದ ದೊಡ್ಡಸೊಸೆ ಕೊನೆಯ ತಿರುವಿನಲ್ಲಿ ಕಾಲು ಜಾರಿದಳು. ಬುಟ್ಟಿ ಬಿಡಲಿಲ್ಲ. ಬಿಟ್ಟಿದ್ದರೆ ಗೋಡೆಯನ್ನಾದರೂ ಹಿಡಿಯುತ್ತಿದ್ದಳು. ಬಿದ್ದದ್ದು ಬಲಗೈಯ ಮೇಲೆ, ಇಡೀ ಮೈಯ ಭಾರದೊಂದಿಗೆ. ಮಣಿಕಟ್ಟಿನಲ್ಲಿ ಮೂಳೆ ಒಂದಲ್ಲ, ಹಲವು ಕಡೆ ಮುರಿದಿದೆ ಎಂದರು. ಮೊಣಕೈಯ ತನಕ ಪ್ಲಾಸ್ಟರು ಹಾಕಿದರು.

ನೋಡಲು ಬಂದ ಡ್ರೈವರಮ್ಮ, "ಸ್ವೆಟರಿನ ಚಿಂತೆ ಬಿಡಿ ಅಕ್ಕ, ಮುಂದಿನ ಚಳಿಗಾಲಕ್ಕಾಯಿತು" ಎಂದಳು.

"ನಿಮ್ಮ ಬಸ್ಸು ಮುಂದಿನ ಚಳಿಗಾಲದ ತನಕ ನಿಂತಿರುತ್ತಾ?" ಎಂದು ದೊಡ್ಡಸೊಸೆ ಮಲಗಿದಲ್ಲಿಂದಲೇ ರೇಗಿದಳು.

ಡ್ರೈವರಮ್ಮ ಹೋದ ಮೇಲೆ ಚಿಕ್ಕಸೊಸೆಯನ್ನು ಕರೆದು ಹೇಳಿದಳು, "ಉಳಿದದ್ದನ್ನ ಮೂಲೆಮನೆಯಾಕೆಗೆ ಕೊಡು. ಅವಳ ಕೈ ಸ್ವಲ್ಪ ಬಿಗಿ, ಆದ್ರೂ ಅಚ್ಚುಕಟ್ಟು. ನನಗೂ ಅವಳಿಗೂ ಮಾತಿಲ್ಲ, ನಿನಗೆ ಗೊತ್ತಲ್ಲ. ದಿನಾ ಮಧ್ಯಾಹ್ನ ಒಂದಷ್ಟು ಹೇಳ್ತೀನಿ, ಕೇಳ್ಕೊಂಡು ಹೋಗಿ ಅವಳಿಗೆ ಒಪ್ಪಿಸು. ಎಡಭಾಗ ಆಗಿದೆಯಲ್ಲ, ಬಲಭಾಗ ಹೇಳ್ತೀನಿ ಕೇಳು."

ಚಿಕ್ಕಸೊಸೆ ಬಾಯಿ ತೆರೆದಳು. ಆಗಿದ್ದದ್ದು ಬಲಭಾಗ. ಹಿಂದಿನ ವಾರ ಅದನ್ನು ಒಗೆದು ಪಿನ್ನು ಚುಚ್ಚಿ ಒಣಗಿಸಿ ಮಡಚಿಟ್ಟವಳೇ ಅವಳು. ದೊಡ್ಡಸೊಸೆ ಯಾವಾಗಲೂ ಎಡಭಾಗದಿಂದ ಶುರು ಮಾಡುವವಳು, ಈ ಸಲ ಡ್ರೈವರಮ್ಮನ ಜೊತೆ ಮಾತಾಡುತ್ತಾ ಬಲಭಾಗಕ್ಕೆ ಕೈ ಹಾಕಿದ್ದಳು. ಈಗ ನೋವಿನ ಮಾತ್ರೆಯ ಮಂಪರಿನಲ್ಲಿ ಅದು ಮರೆತುಹೋಗಿತ್ತು.

"ಅಕ್ಕ..." ಎಂದಳು.

ಅವಳು ಹಾಗೆ ಸುಮ್ಮನಾದದ್ದಕ್ಕೆ ಹಳೆಯ ಕಾರಣವಿತ್ತು. ಚಿಕ್ಕಸೊಸೆ ಎಡಚಿ. ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲಿ ದೊಡ್ಡಸೊಸೆಯೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಣಿಗೆ ಕಲಿಸಲು ಹೊರಟಿದ್ದಳು. ಬಲಗೈಯಲ್ಲಿ ಕಡ್ಡಿ ಹಿಡಿದರೆ ಚಿಕ್ಕಸೊಸೆಗೆ ಬೆರಳೇ ತನ್ನದಲ್ಲ ಎನ್ನಿಸುತ್ತಿತ್ತು, ಎಡಗೈಯಲ್ಲಿ ಹಿಡಿದರೆ ಹೇಳಿಕೊಟ್ಟದ್ದೆಲ್ಲ ತಿರುಗುಮುರುಗಾಗುತ್ತಿತ್ತು. ಕೊನೆಗೆ ಒಂದು ದಿನ ಗಿರಾಕಿಗಳ ಎದುರೇ ದೊಡ್ಡಸೊಸೆ ಅವಳ ಕೈಯ ತುಂಡನ್ನು ಎತ್ತಿ ಹಿಡಿದು, "ನೋಡಿ, ನಮ್ಮ ಚಿಕ್ಕಸೊಸೆ ಕನ್ನಡಿಯೊಳಗಿಂದ ಹೆಣೀತಾಳೆ! ತಾಯಿ, ನೀನು ಉಂಡೆ ಸುತ್ತು ಸಾಕು" ಎಂದಳು. ಎಲ್ಲರೂ ನಕ್ಕರು. ದೊಡ್ಡಸೊಸೆಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಾಯಿಗೆ ಬಂದದ್ದನ್ನು ಆಡುವವಳು. ಆಡಿದವಳಿಗೆ ಸಂಜೆಯೊಳಗೆ ಮರೆತೂ ಹೋಯಿತು. ಚಿಕ್ಕಸೊಸೆಗೆ ಮರೆಯಲಿಲ್ಲ.

ಆಮೇಲೆ ಅವಳು ಉಂಡೆ ಸುತ್ತುತ್ತಾ ದೊಡ್ಡಸೊಸೆಯ ಎದುರಿಗೆ ಕೂರತೊಡಗಿದಳು. ಪಕ್ಕದಲ್ಲಿ ಅಲ್ಲ, ಎದುರಿಗೆ. ಎದುರಿಗೆ ಕೂತರೆ ಆಕೆಯ ಬಲಗೈ ಇರುವ ಕಡೆಗೇ ತನ್ನ ಎಡಗೈ ಇರುತ್ತದೆ ಎಂದು ಅವಳಿಗೆ ಹೊಳೆದಿತ್ತು. ಕಣ್ಣಲ್ಲಿ ನೋಡಿದ್ದನ್ನು ತನ್ನ ಕೋಣೆಯ ಚಿಲಕ ಹಾಕಿಕೊಂಡು ಬೂದು ಬಣ್ಣದ ಒಂದೇ ಉಂಡೆಯ ಮೇಲೆ ಪ್ರಯೋಗ ಮಾಡಿದಳು. ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ಬಿಚ್ಚಿ ಬಿಚ್ಚಿ ಆ ಉಲ್ಲನ್ ಎಳೆ ನವೆದು, ರೋಮ ಎದ್ದು, ಹಳೆಯ ಬೆಕ್ಕಿನ ಬಾಲದ ಹಾಗಾಗಿತ್ತು. ವರ್ಷಗಟ್ಟಲೆ ಹೆಣೆದವಳು ಒಂದು ಕೈಗವಸನ್ನೂ ಮುಗಿಸಿರಲಿಲ್ಲ. ಮುಗಿಸಿದರೆ ಯಾರಿಗಾದರೂ ತೋರಿಸಬೇಕಲ್ಲ ಎಂಬ ಹೆದರಿಕೆ.

ಒಂದು ಮಾತು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡಸೊಸೆ ಹೇಳುವ ಬಲಭಾಗ ತನ್ನ ಕೈಯಲ್ಲಿ ಎಡಭಾಗವಾಗಿ ಬರುತ್ತದೆ. ಸಾಲು ಆ ತುದಿಯ ಬದಲು ಈ ತುದಿಯಿಂದ ಶುರುವಾಗುತ್ತದೆ, ಜಡೆ ಆ ಕಡೆ ವಾಲುವ ಬದಲು ಈ ಕಡೆ ವಾಲುತ್ತದೆ. ಈಗ ಅಕ್ಕ ತಪ್ಪಿ ಹೇಳುತ್ತಿರುವುದೇ ತನಗೆ ಬೇಕಾಗಿರುವುದು. ತಿದ್ದಲು ಹೋದರೆ ಆಕೆ ಸರಿಯಾದ್ದನ್ನು ಹೇಳುತ್ತಾಳೆ, ಅದು ತನ್ನ ಕೈಯಲ್ಲಿ ತಪ್ಪಾಗುತ್ತದೆ. ಮೂಲೆಮನೆಯ ಬಾಗಿಲು ತಟ್ಟುವ ಯೋಚನೆ ಒಂದು ಕ್ಷಣವೂ ಬರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಒಂದು ಹೆಣಿಗೆ ಬೇಕೇ ಬೇಕು ಎನ್ನಿಸಿತ್ತು.

"ಏನು ಅಕ್ಕ ಅಕ್ಕ ಅಂತ ನಿಂತೆ? ಕೇಳಿಸ್ಕೋತಿದ್ದೀಯಾ?"

"ಹೇಳಿ ಅಕ್ಕ, ಕೇಳ್ತಿದ್ದೀನಿ."

"ಮೂರು ಕುಣಿಕೆ ಗಿಡ್ಡ ಕಡ್ಡಿಗೆ ಹಾಕಿ ಹಿಂದೆ ಬಿಡಬೇಕು. ಮುಂದಿನ ಮೂರು ಸೀದಾ. ಆಮೇಲೆ ಗಿಡ್ಡ ಕಡ್ಡಿಯಲ್ಲಿರೋದು ಸೀದಾ. ಆಕಡೆ ಈಕಡೆ ಎರಡೆರಡು ಉಲ್ಟಾ..."

ಹೀಗೆ ದಿನಾ ಮಧ್ಯಾಹ್ನ ಪಾಠ. ಚಿಕ್ಕಸೊಸೆ ಬಾಯಿಪಾಠ ಮಾಡಿಕೊಂಡು ಚಪ್ಪಲಿ ಮೆಟ್ಟಿ, ಮೆಟ್ಟಿಲ ಕೊನೆಯ ತನಕ ಸದ್ದಾಗುವ ಹಾಗೆ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಹತ್ತಿ ಬಂದು ತನ್ನ ಕೋಣೆ ಸೇರುತ್ತಿದ್ದಳು. ಗಂಡ ಸಾಮಾನಿನ ಗಾಡಿಯ ಜೊತೆ ಊರೂರು ತಿರುಗುವವನು, ಕೇಳಲು ಯಾರೂ ಇರಲಿಲ್ಲ. ಇಟ್ಟಿಗೆ ಕೆಂಪಿನ ಆ ಹೊಸ ಉಲ್ಲನ್ ಅವಳ ಬೆರಳಿನಲ್ಲಿ ಬಿಸಿಯಾಗಿ ಓಡಿತು. ಜಡೆ ಮೊದಲ ತಿರುವು ತಿರುಗಿದಾಗ ಒಬ್ಬಳೇ ಕೂತು ನಕ್ಕಳು. ಮರುಗಳಿಗೆಯೇ ಎದ್ದು ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನೋಡಿದಳು. ಸಿಕ್ಕಿಬಿದ್ದರೆ ಏನು ಹೇಳುವುದು ಎಂದು ಯೋಚಿಸಲಿಲ್ಲ. ಯೋಚಿಸಿದ್ದರೆ ಮುಂದಿನ ಸಾಲು ಬರುತ್ತಿರಲಿಲ್ಲ.

ಪ್ಲಾಸ್ಟರು ಬಿಚ್ಚಿಸಲು ದೊಡ್ಡಸೊಸೆ ಗಂಡನ ಜೊತೆ ಆಸ್ಪತ್ರೆಗೆ ಹೋಗಿ ಬಂದವಳೇ ಸೀದಾ ಹೆಣಿಗೆಯ ಕೋಣೆ ಸೇರಿದಳು. ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಗಂಡನೇ ಅಡುಗೆಮನೆಗೆ ಬಂದು ಚಿಕ್ಕಸೊಸೆಗೆ ತಗ್ಗಿದ ದನಿಯಲ್ಲಿ ಹೇಳಿದ, "ಮೂಳೆ ಕೂಡಿದೆಯಂತಮ್ಮ. ಆದ್ರೆ ಬೆರಳು ಪೂರ್ತಿ ಮಡಚಲ್ಲ. ಸೌಟು ಹಿಡೀಬಹುದು, ಬಾಚಣಿಗೆ ಹಿಡೀಬಹುದು. ಸಣ್ಣ ಕೆಲಸ ಇನ್ನು ಕಷ್ಟ ಅಂದ್ರು ಡಾಕ್ಟರು. ಇವಳು ಕಡ್ಡಿ ಅಂತ ಕೇಳಿದ್ಲು. ಅವರು ತಲೆ ಅಲ್ಲಾಡಿಸಿದ್ರು."

ಹೆಣಿಗೆಯ ಕೋಣೆಯಲ್ಲಿ ದೊಡ್ಡಸೊಸೆ ಬೀರುವಿನ ಮುಂದೆ ನಿಂತಿದ್ದಳು. ಸುಮ್ಮನೆ ಕೂರಲಾಗದೆ ಡ್ರೈವರಮ್ಮನ ಸ್ವೆಟರಿನ ತುಂಡುಗಳನ್ನು ಎಡಗೈಯಿಂದ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಳು. ಬೆನ್ನು, ತೋಳು, ಇನ್ನೊಂದು ತೋಳು. ಎದೆಯ ಭಾಗವನ್ನು ಬಿಡಿಸಿ ಹಾಸಿಗೆಯ ಮೇಲೆ ಹಾಕಿ ನೋಡಿದಳು. ತಿರುಗಿಸಿ ನೋಡಿದಳು. ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಹಾಗೇ ಕೆಳಗೆ ಕುಳಿತಳು.

"ಇದು ಬಲಭಾಗ ಕಣೇ" ಎಂದಳು. "ಇಲ್ಲಿರೋದೇ ಬಲಭಾಗ. ನಾನು ಮೂಲೆಮನೆಯವಳಿಗೆ ಹೇಳಿ ಕಳಿಸಿದ್ದೂ ಬಲಭಾಗ! ಎರಡೂ ಬಲಭಾಗ ಇಟ್ಕೊಂಡು ಆ ಡ್ರೈವರಮ್ಮ ಏನು ಮಾಡ್ಬೇಕು? ಇಂಥ ತಪ್ಪು ನಾನು ಯಾವತ್ತಾದ್ರೂ ಮಾಡಿದ್ದೀನಾ? ಕೈ ಹೋಯ್ತು ಅಂದ್ಕೊಂಡೆ. ತಲೆಯೂ ಹೋಯ್ತು."

ದೊಡ್ಡಸೊಸೆ ಅಳುವುದನ್ನು ಚಿಕ್ಕಸೊಸೆ ನೋಡಿದ್ದಿಲ್ಲ. ಅತ್ತೆ ಹೋದಾಗಲೂ ಬಂದವರಿಗೆಲ್ಲ ಟೀ ಮಾಡಿಕೊಟ್ಟವಳು ಅವಳು. ಈಗ ಸೆರಗಿನ ನೆನಪಿಲ್ಲ, ಕರವಸ್ತ್ರದ ನೆನಪಿಲ್ಲ, ಕೈಗೆ ಸಿಕ್ಕಿದ ತೋಳಿನ ತುಂಡಿನಲ್ಲೇ ಮೂಗು ಒರೆಸಿಕೊಂಡು ಅಳುತ್ತಿದ್ದಳು. ಹೇಳಬೇಕು, ಈಗಲೇ ಹೇಳಬೇಕು ಎಂದು ಚಿಕ್ಕಸೊಸೆಗೆ ಅನ್ನಿಸಿತು.

"ರೀ" ಎಂದು ದೊಡ್ಡಸೊಸೆ ಗಂಡನನ್ನು ಕೂಗಿದಳು. "ಕೆಳಗಿನ ಬೋರ್ಡು ಇಳಿಸಿಬಿಡಿ. ಇವತ್ತೇ."

ಗಂಡ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಏಣಿ ಪಕ್ಕದ ಮನೆಯವರು ಒಯ್ದಿದ್ದಾರೆ."

"ಕುರ್ಚಿ ಹಾಕ್ಕೊಂಡು ಇಳಿಸಿ."

"ಕುರ್ಚಿ ಎಟುಕಲ್ಲ. ಮತ್ತೆ ಆ ಸ್ಕ್ರೂಗೆ ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಸ್ಬೇಕು. ನಾಳೆ ನೋಡೋಣ."

"ನಿಮ್ಮ ನಾಳೆ ನನಗೆ ಗೊತ್ತಿಲ್ವಾ!" ಎಂದು ಎದ್ದವಳೇ ದೊಡ್ಡಸೊಸೆ ಚಪ್ಪಲಿಗೆ ಕಾಲು ತೂರಿಸಿದಳು. "ಮೂಲೆಮನೆಗೆ ನಾನೇ ಹೋಗ್ತೀನಿ. ಮಾತಿಲ್ಲದಿದ್ರೆ ಇಲ್ಲ, ಕೈ ಮುಗಿದು ನಿಲ್ಲಿಸು ಅಂತೀನಿ. ಇನ್ನಷ್ಟು ಉಲ್ಲನ್ ಹಾಳಾಗೋದು ಬೇಡ."

ಚಿಕ್ಕಸೊಸೆ ಓಡಿ ಹೋಗಿ ಮೆಟ್ಟಿಲಿಗೆ ಅಡ್ಡ ನಿಂತಳು. ಎರಡೂ ಕೈ ಚಾಚಿ ಬಾಗಿಲ ಚೌಕಟ್ಟು ಹಿಡಿದಿದ್ದಳು.

"ಹೋಗ್ಬೇಡಿ ಅಕ್ಕ. ಅವಳಿಗೆ ನಾನು ಉಲ್ಲನ್ನೇ ಕೊಟ್ಟಿಲ್ಲ."

"ಕೊಟ್ಟಿಲ್ಲ? ಮತ್ತೆ ದಿನಾ ಎಲ್ಲಿಗೆ ಹೋಗ್ತಿದ್ದೆ?"

ಉತ್ತರ ಕೊಡದೆ ಚಿಕ್ಕಸೊಸೆ ತನ್ನ ಕೋಣೆಗೆ ಹೋದಳು. ಹಾಸಿಗೆಯ ಕೆಳಗಿಂದ ಇಟ್ಟಿಗೆ ಕೆಂಪಿನ ತುಂಡನ್ನು ತಂದು ಹಾಸಿಗೆಯ ಮೇಲಿದ್ದ ಬಲಭಾಗದ ಪಕ್ಕಕ್ಕೆ ಹರವಿದಳು. ಕುತ್ತಿಗೆಯ ಇಳಿಜಾರಿಗೆ ಇಳಿಜಾರು ಕೂಡಿತು. ಎರಡು ಜಡೆಗಳೂ ಒಂದನ್ನೊಂದು ನೋಡಿಕೊಂಡು ಮೇಲೇರಿದ್ದವು.

ದೊಡ್ಡಸೊಸೆ ಬಹಳ ಹೊತ್ತು ಬಗ್ಗಿ ನೋಡಿದಳು. ಎಡಗೈ ಬೆರಳಿನಿಂದ ಜಡೆಯ ಮೇಲೆ ಸವರಿದಳು, ಅಂಚನ್ನು ಎಳೆದು ಬಿಟ್ಟಳು.

"ಇದು ಎಡಭಾಗ."

"ಹೌದಕ್ಕ."

"ನಾನು ಹೇಳಿದ್ದು ಬಲಭಾಗ."

"ಹೌದಕ್ಕ."

"ಮತ್ತೆ ಇದು ಹ್ಯಾಗೆ..." ಎಂದು ತಲೆಯೆತ್ತಿದವಳ ಕಣ್ಣು ಚಿಕ್ಕಸೊಸೆಯ ಎಡಗೈ ಮೇಲೆ ಹೋಗಿ ನಿಂತಿತು. ತೋರುಬೆರಳಿನ ಬದಿಯಲ್ಲಿ ಉಲ್ಲನ್ ಎಳೆ ಓಡಿ ಓಡಿ ಬಿದ್ದ ಕೆಂಪು ಗೆರೆ ಇತ್ತು. ಅಂಥದ್ದೇ ಗೆರೆ ದೊಡ್ಡಸೊಸೆಯ ಬಲಗೈಯಲ್ಲಿ ಎಷ್ಟೋ ವರ್ಷದಿಂದ ಇದ್ದದ್ದು, ಪ್ಲಾಸ್ಟರಿನೊಳಗೆ ಮಾಸಿಹೋಗಿತ್ತು.

"ನೀನಾ?"

"ನಾನೇ. ಎದುರಿಗೆ ಕೂತು ನೋಡ್ತಾ ನೋಡ್ತಾ ಕಲಿತೆ."

"ನಾನು ತಪ್ಪಿ ಹೇಳ್ತಿದ್ದೀನಿ ಅಂತ ನಿನಗೆ ಗೊತ್ತಿತ್ತು."

"ಮೊದಲ ದಿನಾನೇ ಗೊತ್ತಾಯ್ತು."

"ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ!" ದೊಡ್ಡಸೊಸೆಯ ಮುಖ ಕೆಂಪೇರಿತು. "ನಾನಿಲ್ಲಿ ತಲೆ ಕೆಟ್ಟೋಯ್ತು ಅಂತ ಜೀವ ಬಾಯಿಗೆ ಬಂದು ಕೂತಿದ್ದೀನಿ, ನೀನು ನೋಡ್ಕೊಂಡು ನಿಂತಿದ್ದೀಯಾ? ಇಂಥ ಗಟ್ಟಿಗಿತ್ತಿ ಅಂತ ಗೊತ್ತಿರ್ಲಿಲ್ಲ ಕಣೇ."

"ಹೇಳಿದ್ರೆ ನನ್ನ ಕೈಗೆ ಕೊಡ್ತಿದ್ರಾ?"

ಈ ಮಾತು ಹೊರಬಿದ್ದ ಮೇಲೆ ಚಿಕ್ಕಸೊಸೆಯೇ ಬೆಚ್ಚಿದಳು. ಆದರೆ ನಿಲ್ಲಿಸಲಿಲ್ಲ. "ಎಲ್ಲರ ಮುಂದೆ ನಗಾಡಿದ್ರಿ. ನಿಮಗೆ ನೆನಪಿಲ್ಲ, ನನಗೆ ಉಂಡೆ ಸುತ್ತುವಾಗೆಲ್ಲ ನೆನಪಾಗುತ್ತೆ. ನನಗೂ ಆಸೆ ಇರಲ್ವಾ ಅಕ್ಕ? ಒಂದೇ ಒಂದನ್ನ ಪೂರ್ತಿ ಮಾಡ್ಬೇಕು ಅನ್ನಿಸ್ತು. ನೀವು ಅಳೋದು ನನ್ನಿಂದ ನೋಡೋಕಾಗ್ತಿಲ್ಲ. ಅದಕ್ಕೆ ತಪ್ಪಾಯ್ತು ಅಂತೀನಿ. ಹೆಣೆದದ್ದಕ್ಕೆ ಅನ್ನಲ್ಲ."

ಬಾಗಿಲಲ್ಲಿದ್ದ ಗಂಡ ಎಣ್ಣೆ ಡಬ್ಬಿ ಹುಡುಕುವ ನೆಪದಲ್ಲಿ ಅಲ್ಲಿಂದ ಜಾರಿಕೊಂಡ.

ಮುಂದೆ ಕೆಲವು ದಿನ ಮನೆಯಲ್ಲಿ ಪಾತ್ರೆಗಳದೇ ಮಾತು. "ಸಕ್ಕರೆ ಮುಗಿದಿದೆ" ಎಂದು ದೊಡ್ಡಸೊಸೆ ಗೋಡೆಗೆ ಹೇಳುತ್ತಿದ್ದಳು, ಚಿಕ್ಕಸೊಸೆ ಗೋಡೆಯಿಂದ ಕೇಳಿಸಿಕೊಂಡು ತರುತ್ತಿದ್ದಳು. ಬೋರ್ಡಿನ ಸುದ್ದಿಯನ್ನು ಮಾತ್ರ ದೊಡ್ಡಸೊಸೆ ಮತ್ತೆ ಎತ್ತಲಿಲ್ಲ. ಗಂಡ ತಾನಾಗಿಯೇ, "ಸ್ಕ್ರೂ ಇನ್ನೂ ಸಡಿಲ ಆಗಿಲ್ಲ" ಎಂದು ದಿನಾ ಒಂದು ಸಲ ವರದಿ ಒಪ್ಪಿಸುತ್ತಿದ್ದ. ಚಿಕ್ಕಸೊಸೆ ಗುಂಡಿಯ ಪಟ್ಟಿ ಹೆಣೆದಳು, ಈ ಸಲ ಬಾಗಿಲು ತೆರೆದಿಟ್ಟುಕೊಂಡು. ದೊಡ್ಡಸೊಸೆ ಆ ಬಾಗಿಲ ಮುಂದೆ ಕಾರಣವಿಲ್ಲದೆ ಹಾದುಹೋದಳು, ಒಂದೆರಡು ಸಲವಲ್ಲ.

ಡ್ರೈವರಮ್ಮ ಬಂದಾಗ ಚಳಿ ಆಗಲೇ ಕಿಟಕಿಯ ಸಂದಿಯಿಂದ ಒಳಗೆ ಬರುತ್ತಿತ್ತು. ಸ್ವೆಟರು ತೊಟ್ಟು, ಗುಂಡಿ ಹಾಕಿಕೊಂಡು, ಕನ್ನಡಿ ಮುಂದೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಕುತ್ತಿಗೆ ಸ್ವಲ್ಪ ಮೇಲೆತ್ತಿದಳು. ಬೆನ್ನು ತಾನಾಗಿ ನೆಟ್ಟಗಾಯಿತು. ಬೆಳಗಿನ ಜಾವದ ಕತ್ತಲಲ್ಲಿ ಅಷ್ಟು ದೊಡ್ಡ ಗಾಡಿಯನ್ನು ಹೊರಡಿಸುವ ಹೆಂಗಸು ಹೀಗೇ ಕಾಣಬೇಕು ಎನ್ನಿಸುವ ಹಾಗಿತ್ತು.

"ಇಂಥದ್ದು ನನ್ನ ಹತ್ತಿರ ಒಂದೂ ಇರ್ಲಿಲ್ಲ" ಎಂದಳು. "ಕೈಗೆ ಪೆಟ್ಟಾಗಿದ್ರೂ ಹ್ಯಾಗೆ ಮಾಡಿದ್ರಿ ಅಕ್ಕ?"

"ನಾನೊಬ್ಬಳೇ ಅಲ್ಲ" ಎಂದಳು ದೊಡ್ಡಸೊಸೆ. "ಆ ಎಡಭಾಗ ಪೂರ್ತಿ ಇವಳು ಹೆಣೆದಿದ್ದು. ನಮ್ಮ ಚಿಕ್ಕಸೊಸೆ. ಎಲ್ಲಿ ನನ್ನ ಕೈ ನಿಂತಿದೆ, ಎಲ್ಲಿ ಅವಳ ಕೈ ಶುರುವಾಗಿದೆ, ಹುಡುಕಿ ನೋಡೋಣ."

ಡ್ರೈವರಮ್ಮ ಎದೆಯನ್ನು ಬೆಳಕಿಗೆ ಒಡ್ಡಿ ಹುಡುಕಿದಳು. ಸಿಗಲಿಲ್ಲ. ಉಂಡೆ ಹಿಡಿದು ಕುಳಿತಿದ್ದ ಚಿಕ್ಕಸೊಸೆಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಗಿರಾಕಿಯ ಮುಂದೆ ಅಳುವುದೇ ಎಂದು ಅವಳು ಮುಖ ತಗ್ಗಿಸಿ ಸಿಕ್ಕಿಲ್ಲದ ದಾರದಲ್ಲಿ ಸಿಕ್ಕು ಬಿಡಿಸತೊಡಗಿದಳು.

ಡ್ರೈವರಮ್ಮ ಹೋದ ಮೇಲೆ, ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದರು. ದೊಡ್ಡಸೊಸೆ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಮಡಚಲು ನೋಡಿದಳು. ಅರ್ಧಕ್ಕೆ ನಿಂತವು. ಆಮೇಲೆ ಎಡಗೈಯನ್ನು ಎತ್ತಿ, ಹೊಸದಾಗಿ ಮನೆಗೆ ಬಂದವರನ್ನು ನೋಡುವ ಹಾಗೆ ನೋಡಿದಳು.

"ದಪ್ಪ ಕಡ್ಡಿ ಎಲ್ಲಿದೆ?" ಎಂದಳು.

ಚಿಕ್ಕಸೊಸೆ ದಪ್ಪ ಕಡ್ಡಿ ತಂದಳು. ಜೊತೆಗೆ, ಸ್ವಲ್ಪ ಅನುಮಾನಿಸಿ, ತನ್ನ ಕೋಣೆಯ ಬೂದು ಉಂಡೆಯನ್ನೂ ತಂದಳು.

"ಇದೇನು, ಇಲಿ ಕಚ್ಚಿದ ಉಲ್ಲನ್ನು?"

"ಎಷ್ಟು ಸಲ ಬಿಚ್ಚಿದ್ರೂ ಬೇಜಾರು ಮಾಡ್ಕೊಳ್ಳಲ್ಲ ಅಕ್ಕ ಇದು."

ದೊಡ್ಡಸೊಸೆಯ ತುಟಿ ಒಂದಿಷ್ಟು ಅಲುಗಿತು. "ಹೂಂ. ಕೂತ್ಕೋ ಮತ್ತೆ ನನ್ನ ಎದುರಿಗೆ."

"ಎದುರಿಗೆ ಬೇಡ. ಈಗ ಇಬ್ಬರದೂ ಎಡಗೈಯಲ್ವಾ, ಪಕ್ಕಕ್ಕೇ ಕೂರ್ಬೇಕು" ಎಂದು ಚಿಕ್ಕಸೊಸೆ ಸ್ಟೂಲನ್ನು ಎಳೆದು ಭುಜಕ್ಕೆ ಭುಜ ತಾಗುವ ಹಾಗೆ ಕುಳಿತಳು. ಕುಣಿಕೆಗಳಿರುವ ಕಡ್ಡಿಯ ಬುಡವನ್ನು ದೊಡ್ಡಸೊಸೆಯ ಬಲ ಕಂಕುಳಲ್ಲಿ ಸಿಕ್ಕಿಸಿ, "ಇದನ್ನ ಒತ್ತಿ ಹಿಡ್ಕೊಳ್ಳಿ ಅಷ್ಟೇ. ಬಲಗೈ ಸುಮ್ಮನೆ ಆಸರೆಗೆ ಇರಲಿ. ಕೆಲಸ ಎಲ್ಲಾ ಎಡಗೈದು" ಎಂದಳು.

ಮೊದಲ ಕುಣಿಕೆ ಬಂತು. ಎರಡನೆಯದು ಕಡ್ಡಿಯ ತುದಿಗೆ ಬಂದು ನೂಲಾಗಿ ಬಿಚ್ಚಿಕೊಂಡಿತು. ದಾರ ಬೆರಳಿಗೆ ಸುತ್ತಿಕೊಂಡಿತು, ಕಡ್ಡಿ ಕಂಕುಳಿಂದ ಜಾರಿತು. ಇಡೀ ಬೀದಿಯ ಹೆಂಗಸರಿಗೆ ಜಡೆ ಹೆಣೆದುಕೊಟ್ಟವಳು ಒಂದು ಸೀದಾ ಕುಣಿಕೆಗೆ ಬೆವರಿದಳು. ಕೊನೆಗೆ ಕಡ್ಡಿಯನ್ನು ಮೂಲೆಗೆ ಎಸೆದು, "ಸಾಕು. ಆಗಲ್ಲ ನನ್ನ ಕೈಲಿ. ಈ ಎಡಗೈಗೆ ಏನು ಗೊತ್ತು ಮಣ್ಣು!" ಎಂದಳು.

ಚಿಕ್ಕಸೊಸೆ ಎದ್ದು ಹೋಗಿ ಕಡ್ಡಿ ಎತ್ತಿಕೊಂಡು ಬಂದಳು.

"ಗೊತ್ತಿಲ್ಲದೆ ಏನಕ್ಕ! ಇಷ್ಟು ವರ್ಷ ಬಲಗೈ ಪಕ್ಕದಲ್ಲೇ ಕೂತು ಎಲ್ಲಾ ನೋಡಿದೆ ಅದು. ಕೆಲಸ ತಪ್ಪಿಸ್ಕೊಳ್ಳೋಕೆ ಏನೂ ಗೊತ್ತಿಲ್ಲ ಅಂತ ನಾಟಕ ಆಡ್ತಿದೆ, ನಮ್ಮ ಭಾವ ಸ್ಕ್ರೂ ನೆನೆಸ್ತಾರಲ್ಲ, ಹಾಗೆ."

ದೊಡ್ಡಸೊಸೆ ಅವಳನ್ನು ದುರುಗುಟ್ಟಿ ನೋಡಿದಳು. ಹಾಗೆ ನೋಡುತ್ತಲೇ ನಗು ಬಂದುಬಿಟ್ಟಿತು. ಬಿದ್ದ ದಿನದಿಂದ ಮೊದಲ ಸಲ ಬಂದ ನಗು, ತಡೆದರೂ ನಿಲ್ಲಲಿಲ್ಲ. ಆಚೆ ಕೋಣೆಯಿಂದ ಗಂಡ, "ಏನಾಯ್ತು?" ಎಂದು ಗಾಬರಿಯಿಂದ ಕೇಳಿದ. ಇಬ್ಬರೂ ಇನ್ನಷ್ಟು ನಕ್ಕರು.

ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಪಾಠ ನಡೆಯಿತು. ಪಾಠ ಹೇಳುವವಳು ಬದಲಾಗಿದ್ದಳು, ರೇಗುವವಳು ಬದಲಾಗಿರಲಿಲ್ಲ. ಒಂದು ದಿನ ಮುಂದಕ್ಕೆ ಹೋದದ್ದು ಮರುದಿನ ಹಿಂದಕ್ಕೆ ಬರುತ್ತಿತ್ತು. ಬಂದ ಗಿರಾಕಿಗಳ ಅಳತೆಯನ್ನು ದೊಡ್ಡಸೊಸೆ ಎಂದಿನಂತೆ ಕೂಗಾಡಿ ತೆಗೆದುಕೊಳ್ಳುತ್ತಿದ್ದಳು, ಹೆಣೆಯಲು ಚಿಕ್ಕಸೊಸೆ ಕೂರುತ್ತಿದ್ದಳು. ಎಡ ಬಲದ ಲೆಕ್ಕ ತಲೆಯಲ್ಲಿ ತಿರುಗಿಸಿಕೊಳ್ಳುತ್ತಾ ಇಬ್ಬರೂ ಜಗಳವಾಡುತ್ತಿದ್ದರು. ಬೂದು ತುಂಡು ಮಾತ್ರ ಬೆರಳಗಲಕ್ಕಿಂತ ಉದ್ದವಾಗುತ್ತಿರಲಿಲ್ಲ. ಕೆಲವು ಸಂಜೆ ದೊಡ್ಡಸೊಸೆ ಕೈ ನೋವಿನಿಂದ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿರುತ್ತಿದ್ದಳು. ಮರುದಿನ ಮತ್ತೆ ಕಡ್ಡಿ ಕಂಕುಳಿಗೆ ಹೋಗುತ್ತಿತ್ತು.

ಒಂದು ಬಿಸಿಲಿನ ಮಧ್ಯಾಹ್ನ ಅವಳು ಸಾಲಿನ ನಡುವೆ ಇದ್ದಳು. ಉಸಿರು ಬಿಗಿಹಿಡಿದಿದ್ದಳು. ಕೆಳಗಿನ ಸಾಲಿನಲ್ಲಿ ಒಂದು ಕುಣಿಕೆ ಜಾರಿದ್ದು ಕಂಡು ಚಿಕ್ಕಸೊಸೆ ಎತ್ತಿಕೊಡಲು ಕೈ ಚಾಚಿದಳು. ದೊಡ್ಡಸೊಸೆ ಮೊಣಕೈಯಿಂದ ಅವಳ ಕೈಯನ್ನು ತಳ್ಳಿದಳು.

"ಬಿಡು. ನನ್ನ ತಪ್ಪು ನಾನೇ ಎತ್ಕೋತೀನಿ."

ಕಡ್ಡಿಯ ತುದಿಯಿಂದ ಹುಡುಕಿ, ಜಾರಿದ ಕುಣಿಕೆಯನ್ನು ಹಿಡಿದು, ಮೇಲೆ ತಂದು, ಕಡ್ಡಿಗೇರಿಸಿದಳು. ಸೊಟ್ಟಗಿತ್ತು. ಆದರೆ ನಿಂತಿತು.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಇದುವರೆಗೆ ಕಾಣದ ಹೆಂಗಸೊಬ್ಬಳು ಒಳಗೆ ಇಣುಕಿ, "ಸ್ವೆಟರ್ ಹೆಣೆಯೋ ಅಕ್ಕ ಇದ್ದಾರಾ?" ಎಂದು ಕೇಳಿದಳು.

ಚಿಕ್ಕಸೊಸೆ ಏಳಹೋದಳು. ಪಕ್ಕಕ್ಕೆ ನೋಡಿದಳು.

"ಇದ್ದೀನಿ" ಎಂದಳು ದೊಡ್ಡಸೊಸೆ, ತಲೆಯೆತ್ತದೆ. "ಬನ್ನಿ, ಕೂತ್ಕೊಳ್ಳಿ. ಈ ಸಾಲು ಒಂದು ಮುಗೀಲಿ."

ಬಂದವಳು ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಚಿಕ್ಕಸೊಸೆಯೂ ಮತ್ತೆ ಕುಳಿತಳು. ಎಡಗೈ ದಾರವನ್ನು ಸುತ್ತಿತು, ನಿಂತಿತು, ಎಳೆದುಕೊಂಡಿತು. ಒಂದು ಕುಣಿಕೆ ಆ ಕಡ್ಡಿಯಿಂದ ಈ ಕಡ್ಡಿಗೆ ದಾಟಿತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ದಾಟಿತು.